ವೈತಂಗಿ ಒಪ್ಪಂದ: ಕರಾರು ಒಂದೇ, ಕಾಗದ ಎರಡು ಯಾಕೆ? (ಮಗಳ ಪೋಸ್ಟರ್‌ಗೆ ಸಹಾಯ ಬೇಕು)

ಮಲೆನಾಡಮ್ಮ
ಎಲ್ಲರಿಗೂ ನಮಸ್ಕಾರ. ನಾವು ತೀರ್ಥಹಳ್ಳಿ ಕಡೆಯವರು. ನ್ಯೂಜಿಲೆಂಡಿನ ಆಕ್ಲೆಂಡ್‌ಗೆ ಬಂದು ಆರು ವರ್ಷವಾಯಿತು. ಫೆಬ್ರವರಿ 6 ಇಲ್ಲಿ ವೈತಂಗಿ ದಿನ, ಸರ್ಕಾರಿ ರಜೆ. 1840ರಲ್ಲಿ ಬ್ರಿಟಿಷರಿಗೂ ಇಲ್ಲಿನ ಮೂಲನಿವಾಸಿ ಮಾವೊರಿಗಳಿಗೂ ಒಪ್ಪಂದವಾದ ದಿನ. ಇಷ್ಟು ವರ್ಷ ನಮಗೆ ಅದು ಪುಳಿಯೋಗರೆ ಕಟ್ಟಿಕೊಂಡು ಬೀಚಿಗೆ ಹೋಗುವ ದಿನ, ಅಷ್ಟೇ.

ಈ ಸಲ ಮಗಳಿಗೆ (ಒಂಬತ್ತು ವರ್ಷ) ಶಾಲೆಯಲ್ಲಿ ಅದರ ಬಗ್ಗೆ ಪೋಸ್ಟರ್ ಮಾಡಲು ಹೇಳಿದ್ದಾರೆ. ನಿನ್ನೆ ರಾತ್ರಿ ಪಾತ್ರೆ ತೊಳೆಯುತ್ತಿದ್ದೆ, ಬಂದು ಕೇಳಿದಳು: "ಅಮ್ಮಾ, ಅಗ್ರಿಮೆಂಟ್ ಒಂದೇ ಆದ್ರೆ ಪೇಪರ್ ಎರಡು ಯಾಕೆ? ಎರಡರಲ್ಲೂ ಬೇರೆ ಬೇರೆ ಬರೆದಿದೆಯಂತೆ. ಯಾವುದು ನಿಜ?" ನನಗೆ ಗೊತ್ತಿರಲಿಲ್ಲ. ಯಜಮಾನರನ್ನು ಕೇಳಿದರೆ "ಅದು ಬಿಳಿಯರಿಗೂ ಮಾವೊರಿಗಳಿಗೂ ಇರುವ ಹಳೇ ಜಗಳ, ನಮಗ್ಯಾಕೆ" ಅಂದು ಮಲಗಿಬಿಟ್ಟರು.

ಇನ್ನೊಂದು ವಿಷಯ. ಅವಳ ಟೀಚರ್ ನಮ್ಮಂಥವರನ್ನೂ "ತಂಗತ ತಿರಿತಿ" ಅಂದರಂತೆ. ಒಪ್ಪಂದದ ಜನ ಅಂತ ಅರ್ಥವಂತೆ. ನಾವು ಯಾವಾಗ ಸಹಿ ಹಾಕಿದೆವು? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ. ಮಗುವಿಗೆ ಹೇಳುವ ಹಾಗೆ ಹೇಳಿದರೆ ನನಗೂ ಅರ್ಥವಾಗುತ್ತದೆ.

ಸುಮ್ನೆ ಓದ್ತೀನಿ
ಒಳ್ಳೆ ಪ್ರಶ್ನೆ. ನಾನೂ ಕಾಯ್ತಾ ಇದ್ದೀನಿ.

ಕಿವಿಹಣ್ಣು
ಅಕ್ಕ, ನಾನು ವೆಲಿಂಗ್ಟನ್‌ನಲ್ಲಿದ್ದೇನೆ. ಎರಡು ವರ್ಷದಿಂದ ಸಂಜೆ ತರಗತಿಗೆ ಹೋಗಿ ಮಾವೊರಿ ಭಾಷೆ ಕಲಿಯುತ್ತಿದ್ದೇನೆ. ಗೊತ್ತಿರುವಷ್ಟು ಹೇಳುತ್ತೇನೆ.

1840ರ ಜನವರಿ ಕೊನೆಯಲ್ಲಿ ವಿಲಿಯಂ ಹಾಬ್ಸನ್ ಅನ್ನುವ ನೌಕಾಪಡೆ ಕ್ಯಾಪ್ಟನ್ ಬ್ರಿಟನ್ ರಾಣಿಯ ಪರವಾಗಿ ಇಲ್ಲಿ ಬಂದಿಳಿದ. ಅವನು ವಕೀಲನಲ್ಲ. ಇಲ್ಲಿದ್ದ ಬ್ರಿಟಿಷ್ ಪ್ರತಿನಿಧಿ ಬಸ್ಬಿ ಜೊತೆ ಕೂತು ಇಂಗ್ಲಿಷ್‌ನಲ್ಲಿ ಒಂದು ಕರಡು ಮಾಡಿದ. ಫೆಬ್ರವರಿ 4ರಂದು ಅದನ್ನು ಹೆನ್ರಿ ವಿಲಿಯಮ್ಸ್ ಅನ್ನುವ ಪಾದ್ರಿಗೆ ಕೊಟ್ಟು, ನಾಳೆ ಸಭೆಯಿದೆ, ಮಾವೊರಿಗೆ ಅನುವಾದ ಮಾಡು ಅಂದ. ಪಾದ್ರಿ ಮತ್ತು ಅವನ ಮಗ ಎಡ್ವರ್ಡ್ ಸೇರಿ ಒಂದೇ ರಾತ್ರಿಯಲ್ಲಿ ಮುಗಿಸಿದರು. ಒಂದು ದೇಶದ ಹಣೆಬರಹ, ಒಂದು ರಾತ್ರಿಯ ಕೆಲಸ!

5ನೇ ತಾರೀಕು ಬಸ್ಬಿ ಮನೆಯ ಮುಂದಿನ ಹುಲ್ಲುಹಾಸಿನ ಮೇಲೆ ದಿನವಿಡೀ ವಾದ ನಡೆಯಿತು. ಕೆಲವು ಮುಖಂಡರು ಹಾಬ್ಸನ್‌ಗೆ ನೇರವಾಗಿ ಬಂದ ದಾರಿ ಹಿಡಿ ಅಂದರು. 6ರಂದು ನಲವತ್ತಕ್ಕೂ ಹೆಚ್ಚು ಮುಖಂಡರು ಸಹಿ ಹಾಕಿದರು, ಮೊದಲನೆಯವನು ಹೋನೆ ಹೆಕೆ. ಸಹಿ ಹಾಕಿದವರಿಗೆ ತಲಾ ಎರಡು ಕಂಬಳಿ, ಸ್ವಲ್ಪ ಹೊಗೆಸೊಪ್ಪು. ಆಮೇಲೆ ಪ್ರತಿಗಳನ್ನು ಊರೂರಿಗೆ ಹೊತ್ತುಕೊಂಡು ಹೋಗಿ ಒಟ್ಟು 500ಕ್ಕೂ ಜಾಸ್ತಿ ಜನರಿಂದ ಸಹಿ ಮಾಡಿಸಿದರು. ಅದರಲ್ಲಿ ಇಂಗ್ಲಿಷ್ ಪ್ರತಿಗೆ ಸಹಿ ಬಿದ್ದಿದ್ದು 39 ಮಾತ್ರ. ಉಳಿದವರೆಲ್ಲ ಹಾಕಿದ್ದು ಮಾವೊರಿ ಪ್ರತಿಗೆ.

ಅಂದರೆ ನಿಮ್ಮ ಮಗಳ "ಯಾವುದು ನಿಜ" ಅನ್ನುವುದಕ್ಕೆ ನನ್ನ ಉತ್ತರ: ಜನ ಕೇಳಿ, ಮಾತಾಡಿ, ಒಪ್ಪಿದ್ದು ಯಾವುದೋ ಅದು.

ನೇರಮಾತು
ಅದು ನಿಮ್ಮ ಅಭಿಪ್ರಾಯ. ಕರಾರು ಅಂದಮೇಲೆ ಎರಡು ಕಡೆಯವರೂ ಒಪ್ಪಿರಬೇಕು. ರಾಣಿ ಒಪ್ಪಿದ್ದು ಇಂಗ್ಲಿಷ್ ಪ್ರತಿಯನ್ನು.

ಕಿವಿಹಣ್ಣು
ಹಾಬ್ಸನ್ ಮಾವೊರಿ ಪ್ರತಿಗೂ ಸಹಿ ಹಾಕಿದ್ದಾನೆ ಸರ್. ರಾಣಿ ಪರವಾಗಿಯೇ.

ಶಾನುಭೋಗರ ಮೊಮ್ಮಗ
ವ್ಯತ್ಯಾಸ ಏನು ಅಂತ ಯಾರೂ ಹೇಳಲಿಲ್ಲವಲ್ಲ. ನಾನು ಹೇಳುತ್ತೇನೆ. ಕನ್ನಡದವರಿಗೆ ಇದು ಇಂಗ್ಲಿಷಿನವರಿಗಿಂತ ಬೇಗ ಅರ್ಥವಾಗುತ್ತದೆ.

ಇಂಗ್ಲಿಷ್ ಪ್ರತಿಯ ಮೊದಲ ಕಲಂ: ಮುಖಂಡರು ತಮ್ಮ ಪೂರ್ತಿ ಸಾರ್ವಭೌಮತ್ವವನ್ನು ರಾಣಿಗೆ ಬಿಟ್ಟುಕೊಡುತ್ತಾರೆ. ಮಾವೊರಿ ಪ್ರತಿಯಲ್ಲಿ ಆ ಜಾಗದಲ್ಲಿರುವ ಪದ "ಕಾವನತಂಗ". ಕಾವನ ಅಂದರೆ ಗವರ್ನರ್, ಇಂಗ್ಲಿಷಿಂದಲೇ ಬಂದ ಪದ. ಅದಕ್ಕೊಂದು ಬಾಲ ಸೇರಿಸಿದ್ದಾರೆ. ನಮ್ಮಲ್ಲಿ ಪಟೇಲಿಕೆ, ಗೌಡಿಕೆ, ಶಾನುಭೋಗಿಕೆ ಅನ್ನುತ್ತೇವಲ್ಲ, ಹಾಗೆ ಅದು "ಗವರ್ನರಿಕೆ".

ಎರಡನೇ ಕಲಂ. ಇಂಗ್ಲಿಷ್‌ನಲ್ಲಿ: ಭೂಮಿ, ಕಾಡು, ಮೀನುಗಾರಿಕೆ ನಿಮ್ಮ ಸ್ವಾಧೀನದಲ್ಲೇ ಇರುತ್ತದೆ. ಮಾವೊರಿಯಲ್ಲಿ: ನಿಮ್ಮ ಭೂಮಿ, ಊರು, ನೀವು ಅಮೂಲ್ಯ ಅಂದುಕೊಂಡ ಎಲ್ಲದರ ಮೇಲೆ "ತಿನೊ ರಂಗತಿರತಂಗ" ನಿಮ್ಮದೇ. ರಂಗತಿರ ಅಂದರೆ ಊರಗೌಡ, ಕುಲದ ಯಜಮಾನ. ರಂಗತಿರತಂಗ ಅಂದರೆ ಗೌಡಿಕೆ. ತಿನೊ ಅಂದರೆ ಪೂರ್ತಿ, ಅಪ್ಪಟ.

ಈಗ ನೀವು ಒಬ್ಬ ರಂಗತಿರ ಅಂದುಕೊಳ್ಳಿ. "ಗವರ್ನರಿಕೆ ರಾಣಿಗೆ ಕೊಡು, ಅಪ್ಪಟ ಗೌಡಿಕೆ ನಿನ್ನ ಹತ್ತಿರವೇ ಇರಲಿ" ಅಂತ ಓದಿ ಹೇಳಿದರೆ ಏನು ತಿಳಿಯುತ್ತೀರಿ? ಈ ಕುಡುಕ ಬಿಳಿ ನಾವಿಕರನ್ನು ಹದ್ದುಬಸ್ತಿನಲ್ಲಿಡಲು ಒಬ್ಬ ಅಧಿಕಾರಿ ಬರುತ್ತಾನೆ, ಬರಲಿ ಬಿಡು ಅಂತ ತಾನೇ? ಊರು ಬಿಟ್ಟುಕೊಟ್ಟೆ ಅಂತ ಯಾರು ತಿಳಿಯುತ್ತಾರೆ?

ಪದಪ್ರೇಮಿ
ಕಾವನ"ತಂಗ", ರಂಗತಿರ"ತಂಗ"!! ಗವರ್ನರ್"ತನ", ಒಡೆ"ತನ", ದೊಡ್ಡ"ತನ"!! ಇನ್ನೂ ಕಾಣಲಿಲ್ಲವೇ? ಮಾವೊರಿಗಳ ಮೂಲ ಎಲ್ಲಿ ಅಂತ ಯಾರಾದರೂ ಸಂಶೋಧನೆ ಮಾಡಬೇಕು. ರಂಗ ಅನ್ನುವ ಹೆಸರು ಬೇರೆ ಇದೆ!

ದಾವಣಗೆರೆ ಬೆಣ್ಣೆ
ಶುರುವಾಯಿತಪ್ಪ.

ಶಾನುಭೋಗರ ಮೊಮ್ಮಗ
ಪದಪ್ರೇಮಿ ಸ್ವಾಮಿ, ದಯವಿಟ್ಟು ಬೇಡ. ಮಾವೊರಿ ಭಾಷೆ ಪಾಲಿನೇಷ್ಯದ್ದು. ಹವಾಯಿ, ತಹಿತಿ ಭಾಷೆಗಳ ತಂಗಿ. ತನ-ತಂಗ ಹೋಲುವುದು ಕಾಕತಾಳೀಯ. ಆದರೆ ನೆನಪಿಟ್ಟುಕೊಳ್ಳಲು ಚೆನ್ನಾಗಿದೆ, ಒಪ್ಪುತ್ತೇನೆ. ಗವರ್ನರ್‌ತನ ಕೊಟ್ಟರು, ಒಡೆತನ ಇಟ್ಟುಕೊಂಡರು.

ಮಲೆನಾಡಮ್ಮ
ಇದನ್ನೇ ಪೋಸ್ಟರಿನ ತಲೆಬರಹ ಮಾಡುತ್ತೇನೆ 😄 ಆದರೆ ಒಂದು ಅನುಮಾನ. ಪಾದ್ರಿ ಬೇಕಂತಲೇ ಹಾಗೆ ಬರೆದನಾ, ಇಲ್ಲ ಅವಸರದಲ್ಲಿ ಆಗಿದ್ದಾ?

ಕಿವಿಹಣ್ಣು
ಅದರ ಬಗ್ಗೆ ಇವತ್ತಿಗೂ ಕಿತ್ತಾಟವಿದೆ ಅಕ್ಕ. ಸಾರ್ವಭೌಮತ್ವಕ್ಕೆ ಮಾವೊರಿಯಲ್ಲಿ ಪದವೇ ಇರಲಿಲ್ಲ, ಪಾಪ ಅವನೇನು ಮಾಡುತ್ತಾನೆ ಅನ್ನುವವರಿದ್ದಾರೆ. ಆದರೆ ಐದು ವರ್ಷ ಮೊದಲು, 1835ರಲ್ಲಿ, ಉತ್ತರದ ಮುಖಂಡರು ಒಂದು ಸ್ವಾತಂತ್ರ್ಯ ಘೋಷಣೆ ಮಾಡಿದ್ದರು. ಅದರಲ್ಲಿ ನೆಲದ ಮೇಲಿನ ಪರಮಾಧಿಕಾರಕ್ಕೆ "ಮನ" ಅನ್ನುವ ಪದ ಬಳಸಿದ್ದಾರೆ. ಅದೇ ಪದವನ್ನು 1840ರಲ್ಲಿ ಹಾಕಿ, "ನಿಮ್ಮ ಮನವನ್ನು ರಾಣಿಗೆ ಕೊಡಿ" ಅಂದಿದ್ದರೆ ಒಬ್ಬನೂ ಸಹಿ ಹಾಕುತ್ತಿರಲಿಲ್ಲ ಅನ್ನುವುದು ನನ್ನ ಅನಿಸಿಕೆ. ನಮ್ಮ ಮೇಷ್ಟರದ್ದೂ ಅದೇ.

ಪದಪ್ರೇಮಿ
ಮನ... ಮಾನ... ನಾನು ಏನೂ ಹೇಳುವುದಿಲ್ಲ.

ಹೊಸಪೇಟೆ ಹನುಮ
ಇದನ್ನು ಓದಿ ನಮ್ಮ ಮುತ್ತಜ್ಜನ ನೆನಪಾಯಿತು. ಬರಗಾಲದ ವರ್ಷ, ಹೊಲ ಭೋಗ್ಯಕ್ಕೆ ಹಾಕುತ್ತೇನೆ ಅಂದುಕೊಂಡು ಸಾಹುಕಾರರ ಮನೆಗೆ ಹೋದರಂತೆ. ಮೂರು ವರ್ಷ ಬೆಳೆ ಅವನದ್ದು, ಸಾಲ ತೀರಿದ ಮೇಲೆ ಹೊಲ ನಮ್ಮದು, ಇದು ಬಾಯಿಮಾತು. ಕಾಗದ ಬರೆದಿದ್ದು ಅವರ ಗುಮಾಸ್ತ. ಹೆಬ್ಬೆಟ್ಟು ಒತ್ತಿ ಬಂದರು. ಮೂರು ವರ್ಷವಾದ ಮೇಲೆ ದುಡ್ಡು ತೆಗೆದುಕೊಂಡು ಹೋದರೆ, ಅದು ಶುದ್ಧ ಕ್ರಯಪತ್ರ! ಅಜ್ಜಿ ಸಾಯುವತನಕ ಆ ಹೊಲದ ಬದುವಿನ ಮೇಲೆ ನಡೆಯಲಿಲ್ಲ, ಸುತ್ತಿ ಬಳಸಿ ಹೋಗುತ್ತಿದ್ದರು.

ಹಾಗಾಗಿ ಹೆಬ್ಬೆಟ್ಟು ಒತ್ತಿದವನು ಏನು ಕೇಳಿಸಿಕೊಂಡ ಅನ್ನುವುದು ನನಗೆ ಮುಖ್ಯ. ಕಾಗದದಲ್ಲಿ ಏನಿತ್ತು ಅನ್ನುವುದು ಆಮೇಲೆ.

ನೇರಮಾತು
ಭಾವನೆ ಎಲ್ಲ ಸರಿ ಹನುಮ. ಆದರೆ ನಿಮ್ಮ ಹೊಲವನ್ನು ಈಗ ಕೊಂಡುಕೊಂಡಿರುವವನು ಇನ್ಯಾರೋ ಇರುತ್ತಾನೆ. ಅವನು ಬ್ಯಾಂಕ್ ಸಾಲ ತೀರಿಸುತ್ತಿರುತ್ತಾನೆ. ಅವನದೇನು ತಪ್ಪು?

ನಾನೂ ಅದೇ ಕೇಳುವುದು. ನಾನು 2011ರಲ್ಲಿ ಈ ದೇಶಕ್ಕೆ ಬಂದವನು. ಯಾರ ಭೂಮಿಯನ್ನೂ ಕಿತ್ತುಕೊಂಡಿಲ್ಲ. ತೆರಿಗೆ ಕಟ್ಟುತ್ತೇನೆ. ಆ ತೆರಿಗೆಯಲ್ಲಿ 185 ವರ್ಷದ ಹಿಂದಿನ ಜಗಳಕ್ಕೆ ಪರಿಹಾರ ಯಾಕೆ? ಒಪ್ಪಂದದ ಮೂರನೇ ಕಲಂ ಎಲ್ಲರಿಗೂ ಸಮಾನ ಹಕ್ಕು ಅನ್ನುತ್ತದೆ. ಅಷ್ಟು ಸಾಕು. ಜಾತಿ ನೋಡಿ ಬೇರೆ ಬೇರೆ ನಿಯಮ ಮಾಡುವುದನ್ನು ಊರಲ್ಲಿ ನೋಡಿ ಸಾಕಾಗಿಯೇ ಇಲ್ಲಿಗೆ ಬಂದಿದ್ದು.

ಮತ್ತೆ ಇನ್ನೊಂದು. ನಾಳೆ ಯಾವುದೋ ಟ್ರಿಬ್ಯುನಲ್ ನನ್ನ ಮನೆ ಜಾಗ ಅವರದ್ದು ಅಂದರೆ?

ಶಾನುಭೋಗರ ಮೊಮ್ಮಗ
ಕೊನೆಯದಕ್ಕೆ ಮೊದಲು ಉತ್ತರ. ನಿಮ್ಮ ಮನೆಯನ್ನು ಯಾರೂ ಮುಟ್ಟುವುದಿಲ್ಲ. ಒಪ್ಪಂದ ಮುರಿದ ದೂರುಗಳನ್ನು ವಿಚಾರಿಸುವ ವೈತಂಗಿ ಟ್ರಿಬ್ಯುನಲ್ ಖಾಸಗಿ ಜಮೀನನ್ನು ವಾಪಸ್ ಕೊಡಿ ಅಂತ ಶಿಫಾರಸು ಮಾಡುವಂತಿಲ್ಲ. 1993ರಲ್ಲಿ ಕಾಯಿದೆಗೆ ತಿದ್ದುಪಡಿ ತಂದಿದ್ದಾರೆ. ಇತ್ಯರ್ಥದಲ್ಲಿ ಕೊಡುವುದು ಸರ್ಕಾರಿ ಜಾಗ, ದುಡ್ಡು, ಕ್ಷಮಾಪಣೆ. ಅಷ್ಟೇ. ಈ "ಮನೆ ಹೋಗುತ್ತದೆ" ಗುಮ್ಮ ವಾಟ್ಸಾಪ್‌ನಲ್ಲಿ ಓಡಾಡುತ್ತಲೇ ಇರುತ್ತದೆ.

ಇನ್ನು ಮೂರನೇ ಕಲಂ. ಮಾವೊರಿಗಳಿಗೆ ಬ್ರಿಟಿಷ್ ಪ್ರಜೆಗಳ ಹಕ್ಕು, ರಕ್ಷಣೆ ಕೊಡುತ್ತೇವೆ ಅಂತ ಅದರಲ್ಲಿರುವುದು. ಸರಿ, ಕೊಟ್ಟರಾ? 1863ರಲ್ಲಿ ವೈಕಾಟೊ ಪ್ರಾಂತ್ಯಕ್ಕೆ ಸೈನ್ಯ ನುಗ್ಗಿಸಿದರು. ಅದೇ ವರ್ಷ "ದಂಗೆಕೋರರ" ಭೂಮಿ ಮುಟ್ಟುಗೋಲು ಹಾಕುವ ಕಾಯಿದೆ ಮಾಡಿ, ವೈಕಾಟೊ ಒಂದರಲ್ಲೇ ಸುಮಾರು 12 ಲಕ್ಷ ಎಕರೆ ಕಿತ್ತುಕೊಂಡರು. ಸಮಾನ ಪ್ರಜೆಗೆ ಹೀಗೆ ಮಾಡುತ್ತಾರಾ? ಇನ್ನೊಂದು ತಮಾಷೆ ನೋಡಿ, ಆ ವೈಕಾಟೊದ ದೊಡ್ಡ ಮುಖಂಡ ತೆ ವೆರೊವೆರೊ 1840ರಲ್ಲಿ ಸಹಿಯನ್ನೇ ಹಾಕಿರಲಿಲ್ಲ.

ದಾವಣಗೆರೆ ಬೆಣ್ಣೆ
ಸಹಿ ಹಾಕಿದವನಿಗೂ ಪೆಟ್ಟು, ಹಾಕದವನಿಗೂ ಪೆಟ್ಟು.

ಕಿವಿಹಣ್ಣು
ಸಹಿ ಸಂಗ್ರಹ ಮುಗಿಯುವ ತನಕವೂ ಕಾಯಲಿಲ್ಲ ಹಾಬ್ಸನ್. 1840ರ ಮೇ 21ಕ್ಕೇ ಇಡೀ ದೇಶ ಬ್ರಿಟನ್ನಿನದು ಅಂತ ಸಾರಿಬಿಟ್ಟ. ದಕ್ಷಿಣ ದ್ವೀಪಕ್ಕೆ ಅವನು ಕೊಟ್ಟ ಕಾರಣ ಏನು ಗೊತ್ತಾ? "ನಾವು ಕಂಡುಹಿಡಿದೆವು."

ಮೊದಲು ಸಹಿ ಹಾಕಿದ ಹೋನೆ ಹೆಕೆಯೇ ಐದು ವರ್ಷದೊಳಗೆ ಸಿಟ್ಟಿಗೆದ್ದು ಕೊರೊರಾರೆಕದಲ್ಲಿ ಬ್ರಿಟಿಷ್ ಬಾವುಟದ ಕಂಬ ಕಡಿದು ಹಾಕಿದ. ಮತ್ತೆ ನೆಟ್ಟರು, ಮತ್ತೆ ಕಡಿದ. ಒಟ್ಟು ನಾಲ್ಕು ಸಲ.

ಸುಮ್ನೆ ಓದ್ತೀನಿ
ಹಟ ಅಂದ್ರೆ ಇದು 👏

ಮಲೆನಾಡಮ್ಮ
ಮಗಳಿಗೆ ಕಂಬದ ಕಥೆ ತುಂಬಾ ಹಿಡಿಸಿತು. ನಾಲ್ಕು ಕಂಬ ಬರೆಯುತ್ತಾಳಂತೆ. ಒಂದು ಕೇಳಬೇಕಿತ್ತು. ಅವರ ಪುಸ್ತಕದಲ್ಲಿ, ಮಾವೊರಿಗಳು ಭೂಮಿಯನ್ನು ಸರ್ಕಾರಕ್ಕೆ ಮಾತ್ರ ಮಾರಬೇಕು ಅಂತ ಎರಡನೇ ಕಲಂನಲ್ಲಿದೆ ಅಂತ ಬರೆದಿದೆ. ಅದು ಒಳ್ಳೆಯದೇ ಅಲ್ವಾ? ಮೋಸಗಾರರಿಂದ ಕಾಪಾಡುವುದಕ್ಕೆ?

ಶಾನುಭೋಗರ ಮೊಮ್ಮಗ
ಮೇಡಂ, ನೀವು ತೀರ್ಥಹಳ್ಳಿಯವರು ಅಂದಿರಿ. ಇಡೀ ಮಲೆನಾಡಿಗೆ ಒಂದೇ ಅಡಿಕೆ ಮಂಡಿ ಇದೆ ಅಂದುಕೊಳ್ಳಿ. ಬೇರೆ ಯಾರಿಗೂ ಮಾರುವಂತಿಲ್ಲ. ಶಿವಮೊಗ್ಗಕ್ಕೆ ಹಾಕುತ್ತೇನೆ, ಸಾಗರಕ್ಕೆ ಹಾಕುತ್ತೇನೆ ಅನ್ನುವಂತಿಲ್ಲ. ರೇಟು ಯಾರು ಹೇಳುತ್ತಾರೆ?

ಮಲೆನಾಡಮ್ಮ
ಅಯ್ಯೋ. ಅರ್ಥವಾಯಿತು ಬಿಡಿ.

ಶಾನುಭೋಗರ ಮೊಮ್ಮಗ
ಹೂಂ. ಕಾಪಾಡುತ್ತೇವೆ ಅಂತಲೇ ಹೇಳಿದ್ದು. ಆಗಿದ್ದು, ಸರ್ಕಾರ ಅಗ್ಗಕ್ಕೆ ಕೊಂಡು ವಲಸಿಗರಿಗೆ ಹತ್ತಾರು ಪಟ್ಟು ಬೆಲೆಗೆ ಮಾರಿತು. ಆ ಲಾಭದಲ್ಲೇ ವಸಾಹತು ಕಟ್ಟಿದ್ದು. ದಕ್ಷಿಣ ದ್ವೀಪದ ನಾಯ್ ತಾಹು ಕುಲದವರ ಕಥೆ ಕೇಳಿ. 1848ರಲ್ಲಿ ಕೆಂಪ್ ಅನ್ನುವ ಅಧಿಕಾರಿ ಮಾಡಿಸಿದ ಕ್ರಯಪತ್ರ: ಸುಮಾರು 2 ಕೋಟಿ ಎಕರೆ, ಬೆಲೆ 2,000 ಪೌಂಡ್. ಊರುಗಳು, ಆಹಾರ ಸಂಗ್ರಹಿಸುವ ಜಾಗಗಳು, ಮುಂದಿನ ತಲೆಮಾರಿಗೆ ಬೇಕಾದಷ್ಟು ನೆಲ ನಿಮಗೇ ಬಿಡುತ್ತೇವೆ ಅಂತ ಮಾತು. ಅಳೆದು ಬಿಟ್ಟಿದ್ದು 6,400 ಎಕರೆಯಷ್ಟು.

ದಾವಣಗೆರೆ ಬೆಣ್ಣೆ
ತಾಳಿ, ಲೆಕ್ಕ ಹಾಕ್ತೀನಿ. ಒಂದು ಪೌಂಡಿಗೆ ಹತ್ತು ಸಾವಿರ ಎಕರೆ. ಈಗ ಕ್ರೈಸ್ಟ್‌ಚರ್ಚ್‌ನಲ್ಲಿ ಒಂದು ಪೌಂಡಿಗೆ ಒಂದು ಕಾಫಿ ಬರುವುದಿಲ್ಲ.

ಶಾನುಭೋಗರ ಮೊಮ್ಮಗ
ಆ ಜನ ಮರುವರ್ಷವೇ, 1849ರಲ್ಲಿ, ಅರ್ಜಿ ಬರೆಯಲು ಶುರು ಮಾಡಿದರು. ಇತ್ಯರ್ಥವಾಗಿದ್ದು 1998ರಲ್ಲಿ, 170 ಮಿಲಿಯನ್ ಡಾಲರ್‌ಗೆ. ನೇರಮಾತು ಅವರೇ, 185 ವರ್ಷದ ಹಿಂದಿನ ಜಗಳವನ್ನು ಈಗ ಯಾಕೆ ಎತ್ತುತ್ತಾರೆ ಅಂದಿರಲ್ಲ. ಅವರು ಈಗ ಎತ್ತಿದ್ದಲ್ಲ ಸ್ವಾಮಿ. ಬಿಟ್ಟೇ ಇರಲಿಲ್ಲ.

ನೇರಮಾತು
170 ಮಿಲಿಯನ್ ತೆಗೆದುಕೊಂಡ ಮೇಲಾದರೂ ಮುಗಿಯಬೇಕಲ್ಲ? "ಪೂರ್ಣ ಮತ್ತು ಅಂತಿಮ" ಅಂತ ಬರೆದುಕೊಟ್ಟು, ಮತ್ತೆ ದುಡ್ಡು ಪಡೆದಿದ್ದಾರೆ.

ಶಾನುಭೋಗರ ಮೊಮ್ಮಗ
ಅದೂ ಕರಾರಿನಲ್ಲೇ ಇದೆ. ಮೊದಲು ಇತ್ಯರ್ಥ ಮಾಡಿಕೊಂಡವರು ವೈಕಾಟೊ (1995, ಅದೂ 170 ಮಿಲಿಯನ್) ಮತ್ತು ನಾಯ್ ತಾಹು. ಮುಂದೆ ಬೇರೆಯವರಿಗೆ ಕೊಡುವ ಒಟ್ಟು ಮೊತ್ತ ಒಂದು ಮಿತಿ ದಾಟಿದರೆ ಇವರಿಗೂ ಪಾಲು ಸಿಗಬೇಕು ಅಂತ ಕಲಂ ಹಾಕಿಸಿದ್ದರು. ವೈಕಾಟೊಗೆ ಶೇ. 17, ನಾಯ್ ತಾಹುಗೆ ಶೇ. 16ರ ಚಿಲ್ಲರೆ. ಈ ಸಲ ಕಾಗದವನ್ನು ಅವರ ಕಡೆಯ ವಕೀಲರೂ ಓದಿದ್ದರು, ಅಷ್ಟೇ ವ್ಯತ್ಯಾಸ 🙂

ಸಸ್ಕಾಚೆವಾನ್ ಸಿದ್ದ
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಕೆನಡಾದಲ್ಲಿ ಇದಕ್ಕಿಂತ ವಿಚಿತ್ರ ಇದೆ. ಇಲ್ಲಿ 1871ರಿಂದ ಮೂಲನಿವಾಸಿಗಳ ಜೊತೆ ಒಂದಾದ ಮೇಲೊಂದು ನಂಬರ್ ಹಾಕಿದ ಒಪ್ಪಂದಗಳು, ಒಂದರಿಂದ ಹನ್ನೊಂದರವರೆಗೆ. ಹಲವು ಒಪ್ಪಂದಗಳಲ್ಲಿ ಪ್ರತಿಯೊಬ್ಬರಿಗೂ ವರ್ಷಕ್ಕೆ 5 ಡಾಲರ್ ಅಂತ ಬರೆದಿದ್ದಾರೆ. ಈಗಲೂ ಕೊಡುತ್ತಾರೆ. ಐದೇ ಡಾಲರ್! ನನ್ನ ಸಹೋದ್ಯೋಗಿ ಒಬ್ಬರು ಕ್ರೀ ಜನಾಂಗದವರು. ಪ್ರತಿ ಬೇಸಿಗೆ ಒಪ್ಪಂದದ ದಿನ ಸಾಲಿನಲ್ಲಿ ನಿಂತು ಕೈಗೆ ಐದರ ನೋಟು ಇಸಿದುಕೊಂಡು ಬರುತ್ತಾರೆ. ಪಕ್ಕದಲ್ಲಿ ಕೆಂಪು ಕೋಟಿನ ಪೊಲೀಸ್ ನಿಂತಿರುತ್ತಾನಂತೆ.

ನಾನು ಒಮ್ಮೆ "ಐದು ಡಾಲರ್‌ಗೆ ಅಷ್ಟು ದೂರ ಗಾಡಿ ಓಡಿಸಿಕೊಂಡು ಹೋಗುತ್ತೀರಾ, ಪೆಟ್ರೋಲಿಗೇ ಜಾಸ್ತಿ ಆಗುತ್ತದೆ" ಅಂದೆ. ಅವರು ನಕ್ಕರು. ನಾನು ಹೋಗದಿದ್ದರೆ ಕರಾರು ಹಳೆಯದಾಯಿತು ಅಂತ ಅವರು ಹೇಳಬಹುದು, ಅದಕ್ಕೇ ಹೋಗುತ್ತೇನೆ ಅಂದರು.

ದಾವಣಗೆರೆ ಬೆಣ್ಣೆ
ನಮ್ಮಲ್ಲಿ ಮನೆ ಬಾಡಿಗೆಗೇ ಪ್ರತಿ ವರ್ಷ ಶೇ. 5 ಏರಿಸಬೇಕು ಅಂತ ಬರೆಸಿಕೊಳ್ಳುತ್ತಾರೆ. ಅವರಿಗೆ ಏರಿಕೆ ಕಲಂ ಇಲ್ಲವಾ?

ಸಸ್ಕಾಚೆವಾನ್ ಸಿದ್ದ
ಒಂದು ಕಡೆ ಇತ್ತು! ಅದೇ ಮಜಾ. ಒಂಟಾರಿಯೊದಲ್ಲಿ 1850ರ ರಾಬಿನ್ಸನ್ ಒಪ್ಪಂದಗಳು. ಆ ನೆಲದಿಂದ ಸರ್ಕಾರಕ್ಕೆ ಆದಾಯ ಹೆಚ್ಚಿದರೆ ವಾರ್ಷಿಕ ಮೊತ್ತವನ್ನೂ ಹೆಚ್ಚಿಸಬೇಕು ಅಂತ ಬರೆದಿತ್ತು. 1875ರಲ್ಲಿ ತಲಾ 4 ಡಾಲರ್ ಮಾಡಿದರು, ಅಲ್ಲೇ ನಿಲ್ಲಿಸಿದರು. ಅಲ್ಲಿಂದ ತೆಗೆದ ಮರ, ಅದಿರು ಎಷ್ಟೋ. ಕೋರ್ಟಿಗೆ ಹೋದರು. 2023ರಲ್ಲಿ ಹ್ಯೂರಾನ್ ಸರೋವರದ ಕಡೆಯ ಮೂಲನಿವಾಸಿಗಳ ಜೊತೆ ಸರ್ಕಾರ 10 ಬಿಲಿಯನ್ ಡಾಲರ್‌ಗೆ ರಾಜಿ ಮಾಡಿಕೊಂಡಿತು.

ದಾವಣಗೆರೆ ಬೆಣ್ಣೆ
ಬಿಲಿಯನ್ನಾ??

ಸಸ್ಕಾಚೆವಾನ್ ಸಿದ್ದ
ಬಿಲಿಯನ್ನೇ. ಮರುವರ್ಷ ಸುಪ್ರೀಂ ಕೋರ್ಟ್ ಕೂಡ ಸರ್ಕಾರ ಒಂದೂವರೆ ಶತಮಾನ ಮಾತು ತಪ್ಪಿದೆ ಅಂತ ಚೆನ್ನಾಗಿ ಬೈದಿದೆ.

ಮೆಲ್ಬರ್ನ್ ಮಂಜ
ನಿಮ್ಮದೆಲ್ಲ ಪರವಾಗಿಲ್ಲ. ಆಸ್ಟ್ರೇಲಿಯಾದಲ್ಲಿ ಬ್ರಿಟಿಷರು ಒಪ್ಪಂದವನ್ನೇ ಮಾಡಿಕೊಳ್ಳಲಿಲ್ಲ. ಖಾಲಿ ಜಾಗ ಅಂದುಬಿಟ್ಟರು. 1835ರಲ್ಲಿ ಜಾನ್ ಬ್ಯಾಟ್ಮನ್ ಅನ್ನುವವನು ನಮ್ಮ ಮೆಲ್ಬರ್ನ್ ಇರುವ ಜಾಗವನ್ನು ಕಂಬಳಿ, ಚಾಕು, ಕನ್ನಡಿ, ಹಿಟ್ಟು ಕೊಟ್ಟು ಅಲ್ಲಿನ ಹಿರಿಯರಿಂದ "ಕೊಂಡ". ಸುಮಾರು 6 ಲಕ್ಷ ಎಕರೆ. ಗವರ್ನರ್ ಅದು ನಡೆಯುವುದಿಲ್ಲ ಅಂದ. ಯಾಕೆ, ಮೋಸ ಅಂತಲಾ? ಅಲ್ಲ! ಆ ನೆಲ ಆಗಲೇ ರಾಜನದ್ದು, ಮಾರಲು ಅವರಿಗೆ ಹಕ್ಕಿಲ್ಲ ಅಂತ.

ಹುಣಸೂರು ಹೈದ
ನೀವೆಲ್ಲ ದೂರದ ಊರಿನ ಕಥೆ ಹೇಳ್ತೀರಿ. ನಮ್ಮ ನಾಗರಹೊಳೆಯ ಜೇನುಕುರುಬರಿಗೆ ಒಪ್ಪಂದವೂ ಇಲ್ಲ, ಕಂಬಳಿಯೂ ಇಲ್ಲ. ಹುಲಿಗೆ ಜಾಗ ಬೇಕು ಅಂತ ಕಾಡಿನಿಂದ ಹೊರಗೆ ಹಾಕಿದರು. ಅದರ ಬಗ್ಗೆ ಯಾರೂ ಪೋಸ್ಟರ್ ಮಾಡಿಸಲ್ಲ.

ನೇರಮಾತು
ಅದು ಬೇರೆ ವಿಷಯ.

ಹುಣಸೂರು ಹೈದ
ಹೆಂಗೆ ಬೇರೆ?

ಶಾನುಭೋಗರ ಮೊಮ್ಮಗ
ಸ್ವಲ್ಪ ಬೇರೆಯೇ ಹೈದ, ಕೋಪ ಮಾಡಿಕೊಳ್ಳಬೇಡಿ. ಇಲ್ಲಿ ಕೇಳುವುದು "ನೀವು ಬರೆದುಕೊಟ್ಟಿದ್ದನ್ನು ಪಾಲಿಸಿ" ಅಂತ. ನಮ್ಮಲ್ಲಿ ಕರಾರಿಲ್ಲ, ಇರುವುದು ಕಾಯಿದೆ, 2006ರ ಅರಣ್ಯ ಹಕ್ಕು ಕಾಯಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಅದರಡಿ ಸಮುದಾಯ ಹಕ್ಕು ಸಿಕ್ಕಿತು, ಹುಲಿ ಮೀಸಲು ಪ್ರದೇಶದ ಒಳಗೇ. ಆದರೆ ಕಾಯಿದೆ ಮಾಡುವವರೇ ಅದನ್ನು ತಿದ್ದಲೂಬಹುದು. ಕರಾರಾದರೆ ಎರಡು ಕಡೆಯವರು ಬೇಕು. ಜೇನುಕುರುಬರ ಬಗ್ಗೆ ನೀವೇ ಒಂದು ಎಳೆ ಶುರು ಮಾಡಿ, ನಾನು ಬರುತ್ತೇನೆ.

ನಿರ್ವಾಹಕ
ಹೌದು, ಅದಕ್ಕೆ ಬೇರೆ ಎಳೆ ತೆರೆಯಿರಿ. ಇಲ್ಲಿ ವೈತಂಗಿ ನಡೆಯಲಿ. ಪದಪ್ರೇಮಿ ಅವರ "ಮಾವೊರಿ ಮೂಲ ಮೈಸೂರು" ಪ್ರತಿಕ್ರಿಯೆಯನ್ನು ತೆಗೆದಿದ್ದೇನೆ.

ಪದಪ್ರೇಮಿ
ಸತ್ಯಕ್ಕೆ ಜಾಗವಿಲ್ಲ ಇಲ್ಲಿ.

ಕಿವಿಹಣ್ಣು
ಅಕ್ಕನ ಇನ್ನೊಂದು ಪ್ರಶ್ನೆ ಬಾಕಿ ಇದೆ. ತಂಗತ ತಿರಿತಿ. ಮಾವೊರಿಗಳು "ತಂಗತ ವೆನುವಾ", ನೆಲದ ಜನ. ಉಳಿದವರು, ಅಂದರೆ ಬಿಳಿಯರು, ಚೀನಿಯರು, ನಾವು, ಈ ಒಪ್ಪಂದದ ಕಾರಣಕ್ಕೆ ಇಲ್ಲಿರುವವರು. ಅದಕ್ಕೇ ಒಪ್ಪಂದದ ಜನ. ನಮ್ಮ ವೀಸಾ ಕೊಡುವ ಸರ್ಕಾರಕ್ಕೆ ಆ ಅಧಿಕಾರ ಬಂದಿದ್ದು ಎಲ್ಲಿಂದ? ಅದೇ ಕಾವನತಂಗದಿಂದ. ಬೈಗುಳ ಅಲ್ಲ ಅಕ್ಕ. ನನಗಂತೂ ಅದು ಕೂರಲು ಮಣೆ ಹಾಕಿದ ಹಾಗೆ ಕೇಳಿಸಿತು.

ನೇರಮಾತು
ನನಗೆ ಬಾಡಿಗೆದಾರ ಅಂದ ಹಾಗೆ ಕೇಳಿಸುತ್ತದೆ. ಪೌರತ್ವ ಇದೆ ನನಗೆ. 2024ರಲ್ಲಿ ಒಂದು ಪಕ್ಷ ಒಪ್ಪಂದದ ತತ್ವಗಳನ್ನು ಸ್ಪಷ್ಟವಾಗಿ ಬರೆಯೋಣ, ಎಲ್ಲರಿಗೂ ಒಂದೇ ಹಕ್ಕು ಅಂತ ಮಸೂದೆ ತಂದಿತು. ಗಲಾಟೆ ಮಾಡಿ ಬೀಳಿಸಿದರು.

ಕಿವಿಹಣ್ಣು
ಗಲಾಟೆಯಿಂದ ಮಾತ್ರ ಬೀಳಲಿಲ್ಲ ಸರ್. ಸಾರ್ವಜನಿಕರಿಂದ 3 ಲಕ್ಷಕ್ಕೂ ಹೆಚ್ಚು ಅಭಿಪ್ರಾಯ ಬಂದವು, ಶೇ. 90ರಷ್ಟು ವಿರುದ್ಧ. 2025ರ ಏಪ್ರಿಲ್ 10ರಂದು 112-11 ಮತಗಳಿಂದ ಬಿತ್ತು. ಮಸೂದೆ ತಂದ ಪಕ್ಷದ 11 ಜನ ಬಿಟ್ಟು ಉಳಿದ ಎಲ್ಲರೂ ವಿರುದ್ಧ ಹಾಕಿದರು, ಅವರ ಜೊತೆ ಸರ್ಕಾರದಲ್ಲಿದ್ದವರೂ ಸೇರಿ. ತಕರಾರು ಏನೆಂದರೆ, ಎರಡು ಕಡೆಯವರ ಕರಾರನ್ನು ಒಂದು ಕಡೆಯವರೇ ಕೂತು ಹೊಸದಾಗಿ ಬರೆಯುವುದು ಹೇಗೆ ಅಂತ.

ಅದರ ವಿರುದ್ಧ ಉತ್ತರದ ತುದಿಯಿಂದ ಹೊರಟ ಮೆರವಣಿಗೆ 2024ರ ನವೆಂಬರ್ 19ಕ್ಕೆ ವೆಲಿಂಗ್ಟನ್‌ಗೆ ಬಂತು. ನಾನು ಆವತ್ತು ನೈಟ್ ಡ್ಯೂಟಿ ಮುಗಿಸಿ ಬಸ್ಸಿಗೆ ನಿಂತಿದ್ದೆ. ಬಸ್ ಎಲ್ಲಿ ಬರುತ್ತದೆ, ರಸ್ತೆ ತುಂಬಾ ಜನ. ಪೊಲೀಸರ ಲೆಕ್ಕದಲ್ಲೇ 42,000. ಬಾವುಟ ಹಿಡಿದ ಒಬ್ಬ ಅಜ್ಜಿ ನನ್ನ ನರ್ಸ್ ಬಟ್ಟೆ ನೋಡಿ, ಸುಸ್ತಾಗಿದ್ದೀಯಾ ಮಗಳೇ ಅಂತ ಕೇಳಿ ಬ್ರೆಡ್ಡು ಕೊಟ್ಟರು. ಮನೆಗೆ ನಡೆದುಕೊಂಡೇ ಹೋದೆ, ತಿಂದುಕೊಂಡು.

ಸುಮ್ನೆ ಓದ್ತೀನಿ
ಸಂಸತ್ತಿನಲ್ಲಿ ಆ ಹುಡುಗಿ ಮಸೂದೆ ಹರಿದು ಹಾಕಾ (ಮಾವೊರಿಗಳ ಕುಣಿತ) ಮಾಡಿದ್ದು ಇದಕ್ಕೇನಾ? ಆ ವಿಡಿಯೊ ನಮ್ಮ ಹಾಸನದ ಅಜ್ಜಿಗೂ ಬಂದಿತ್ತು.

ಕಿವಿಹಣ್ಣು
ಇದಕ್ಕೇ. ಹಾನಾ ಮೈಪಿ-ಕ್ಲಾರ್ಕ್, ಆಗ 22 ವರ್ಷ. ಆಮೇಲೆ ಏಳು ದಿನ ಅಮಾನತು ಮಾಡಿದರು.

ಹೊಸಪೇಟೆ ಹನುಮ
ನದಿಗೆ ಮನುಷ್ಯನ ಹಕ್ಕು ಕೊಟ್ಟಿದ್ದು ಇದೇ ದೇಶ ತಾನೇ?

ಶಾನುಭೋಗರ ಮೊಮ್ಮಗ
ಹೌದು. ವಾಂಗನುಯಿ ನದಿ, 2017ರ ಮಾರ್ಚ್. ಅದೂ ಒಪ್ಪಂದದ ಇತ್ಯರ್ಥವೇ. ಅದೇ ತಿಂಗಳು ನಮ್ಮ ಉತ್ತರಾಖಂಡ ಹೈಕೋರ್ಟ್ ಗಂಗೆ-ಯಮುನೆಗೂ ಹಾಗೇ ಮಾಡಿತು. ಜುಲೈನಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಪ್ರವಾಹ ಬಂದು ಜನ ಸತ್ತರೆ ಕೇಸು ಗಂಗೆಯ ಮೇಲೆ ಹಾಕುವುದಾ ಅನ್ನುವ ಪ್ರಶ್ನೆ ಬಂತು ನೋಡಿ!

ದಾವಣಗೆರೆ ಬೆಣ್ಣೆ
ಸಮನ್ಸ್ ಜಾರಿ ಮಾಡುವವನು ಈಜು ಕಲಿತಿರಬೇಕು.

ಮಲೆನಾಡಮ್ಮ
ನಕ್ಕು ನಕ್ಕು ಸಾಕಾಯಿತು. ಒಂದು ಕೊನೇ ಪ್ರಶ್ನೆ. ಆ ಮೂಲ ಕಾಗದಗಳು ಈಗ ಎಲ್ಲಿವೆ? ನೋಡಬಹುದಾ?

ಕಿವಿಹಣ್ಣು
ಇಲ್ಲೇ ವೆಲಿಂಗ್ಟನ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿ. ಒಂಬತ್ತು ಹಾಳೆಗಳು. ಮಂದ ಬೆಳಕಿನ ಕೋಣೆ, ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಅಂಚೆಲ್ಲ ತಿಂದುಹೋಗಿದೆ. ಯಾರು ತಿಂದಿದ್ದು ಗೊತ್ತಾ? ಇಲಿ. ವರ್ಷಗಟ್ಟಲೆ ಸರ್ಕಾರಿ ಕಟ್ಟಡದ ನೆಲಮಾಳಿಗೆಯಲ್ಲಿ ಬಿದ್ದಿತ್ತು, ಒದ್ದೆಯಾಗಿ, ಇಲಿ ಕಡಿದು. 1908ರಲ್ಲಿ ಸಿಕ್ಕಿತು. ಸಹಿಗಳ ಜಾಗದಲ್ಲಿ ಅನೇಕರು ತಮ್ಮ ಮುಖದ ಹಚ್ಚೆಯ ಗೆರೆಗಳನ್ನು ಬಿಡಿಸಿದ್ದಾರೆ. ಮಗಳನ್ನು ಕರೆದುಕೊಂಡು ಬನ್ನಿ, ನಮ್ಮ ಮನೆಯಲ್ಲೇ ಇಳಿದುಕೊಳ್ಳಿ.

ಶಾನುಭೋಗರ ಮೊಮ್ಮಗ
ಇಲಿ ತಿನ್ನುವಂತೆ ಬಿಸಾಡಿದ್ದು ಸುಮ್ನೆ ಅಲ್ಲ. ಆಗ ಕಾನೂನಿನಲ್ಲೂ ಅದಕ್ಕೆ ಅಷ್ಟೇ ಬೆಲೆ. 1840ರ ದಶಕದ ಕೊನೆಯಲ್ಲಿ ನಾತಿ ತೊವಾ ಕುಲದವರು ಶಾಲೆ ಕಟ್ಟಲಿ ಅಂತ ಸುಮಾರು 500 ಎಕರೆಯನ್ನು ಚರ್ಚಿಗೆ ಕೊಟ್ಟರು. ವರ್ಷಗಳು ಕಳೆದವು, ಶಾಲೆ ಬರಲಿಲ್ಲ. ಜಾಗವೂ ವಾಪಸ್ ಬರಲಿಲ್ಲ. ಅವರ ಪರವಾಗಿ ವೀ ಪರಾಟ ಅನ್ನುವವರು ಕೋರ್ಟಿಗೆ ಹೋದರು. ಅವರು ಸಂಸತ್ ಸದಸ್ಯರಾಗಿದ್ದವರು. 1877ರಲ್ಲಿ ನ್ಯಾಯಾಧೀಶ ಪ್ರೆಂಡರ್‌ಗಾಸ್ಟ್ ತೀರ್ಪು ಕೊಟ್ಟ: ದೇಶದ ಅಧಿಕಾರ ಬಿಟ್ಟುಕೊಡುವ ದಾಖಲೆ ಅಂತ ನೋಡಿದರೆ ಈ ಒಪ್ಪಂದ ಬರೀ ಸೊನ್ನೆ. ಆ ಸೊನ್ನೆಯನ್ನು ಹಿಡಿದುಕೊಂಡೇ ಮುಂದಿನ ನೂರು ವರ್ಷ ಸರ್ಕಾರ ನಡೆಸಿದರು. ಟ್ರಿಬ್ಯುನಲ್ ಬಂದಿದ್ದು 1975ಕ್ಕೆ. ಮೊದಮೊದಲು ಅದಕ್ಕೂ ಹಳೇ ವಿಷಯ ಕೇಳುವ ಅಧಿಕಾರವಿರಲಿಲ್ಲ. 1840ರಿಂದಲೂ ವಿಚಾರಿಸಬಹುದು ಅಂತಾಗಿದ್ದು 1985ರಲ್ಲಿ.

ನೇರಮಾತು
ನಾನು ಹೇಳಿದ್ದರಲ್ಲಿ ಯಾವುದನ್ನೂ ಹಿಂದೆ ತೆಗೆದುಕೊಳ್ಳುತ್ತಿಲ್ಲ. ಆದರೆ ಶಾಲೆಯ ಜಾಗ, ಅದು ಎಲ್ಲಿ ಬರುತ್ತದೆ?

ಶಾನುಭೋಗರ ಮೊಮ್ಮಗ
ವಿಟಿರೇಯಾ. ಪೊರಿರುವಾ ಹತ್ತಿರ, ತಿತಾಹಿ ಬೇ ಪಕ್ಕ. ಈಗ ದೊಡ್ಡ ಪಾರ್ಕ್ ಇದೆಯಂತೆ.

ನೇರಮಾತು
ಇದೆ. ನನ್ನ ಮನೆಯಿಂದ ಐದು ನಿಮಿಷ. ಪ್ರತಿ ಭಾನುವಾರ ಮಗನ ಜೊತೆ ಗಾಳಿಪಟ ಹಾರಿಸಲು ಅಲ್ಲಿಗೇ ಹೋಗುತ್ತೇನೆ.

ದಾವಣಗೆರೆ ಬೆಣ್ಣೆ
...

ಮಲೆನಾಡಮ್ಮ
ಪೋಸ್ಟರ್ ಆಯಿತು. ಎಡಗಡೆ ಗವರ್ನರ್‌ತನ, ಬಲಗಡೆ ಒಡೆತನ, ನಡುವೆ ನಾಲ್ಕು ಕಂಬ, ಕೆಳಗೆ ಒಂದು ಇಲಿ. ಕನ್ನಡದಲ್ಲಿ ಬರೆದಿದ್ದನ್ನು ಟೀಚರ್‌ಗೆ ಯಾರು ಓದಿ ಹೇಳುವುದು ಅಂದೆ. "ನಾನೇ ಹೇಳ್ತೀನಿ, ಆದ್ರೆ ಸರಿಯಾಗಿ ಹೇಳ್ತೀನಿ" ಅಂದಳು.